ಹುಳು ಮನೆಯಿಂದ ಬಾರದ ಸಂದೇಶಗಳು

ದೊಡ್ಡಮ್ಮ,

ನಿನ್ನ ತಂಗಿಯ ಮಗಳು, ಚಿಂತಾಮಣಿಯ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಬಾಯಿಬಡುಕಿ ಬರೆಯುತ್ತಿದ್ದೇನೆ. ನೀನು ಹೋಗಿ ಎಂಟು ತಿಂಗಳಾಯಿತು. ಎದುರಿಗಿದ್ದಾಗ ಈ ಬಾಯಿಂದ ಹೊರಡದ ಮಾತೊಂದು ಉಳಿದಿದೆ.

ನೆನಪಿದೆಯಾ, ಶಿಡ್ಲಘಟ್ಟದ ಪಕ್ಕದ ನಿನ್ನ ರೇಷ್ಮೆ ಹುಳು ಮನೆಯ ಸ್ಟ್ಯಾಂಡುಗಳಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿಗಳನ್ನು ಕಟ್ಟಿದ್ದು? ಸಣ್ಣದೊಂದು ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಬಾಳಬೇಕಾದ್ದರಿಂದ ಅವು ಮೆತ್ತಗೆ ಮಾತಾಡುತ್ತವೆ. ಐದೈದು ನಿಮಿಷಕ್ಕೆ ಒಳಗಿನ ಬಿಸಿ ಎಷ್ಟೆಂದು ಬಾಗಿಲ ಬಳಿಯ ಪೆಟ್ಟಿಗೆಗೆ ರೇಡಿಯೊದಲ್ಲಿ ಹೇಳುತ್ತವೆ, ಅದು ನನ್ನ ಫೋನಿಗೆ ಕಳಿಸುತ್ತದೆ. ನೂರು ಸಂದೇಶ ಕಳಿಸಿದರೆ ತಲುಪುವುದೆಷ್ಟು ಎಂಬುದೇ ನಮ್ಮ ಅಳತೆ. ನೂರಕ್ಕೆ ನೂರೂ ತಲುಪಿದವು, ನಾನು ಬೀಗಿದೆ. ನೀನು ನೆಲಕ್ಕೆ ಸುಣ್ಣ ಎರಚುತ್ತಲೇ, "ಹುಳ ತುಂಬ್ಲಿ ತಾಯಿ, ಆಮೇಲೆ ನೋಡು. ಖಾಲಿ ಮನೇಲಿ ಎಲ್ಲಾ ಸರೀಗೇ ಇರ್ತದೆ" ಅಂದೆ. ನಾನು ಕೇಳಿದೆನಾ?

ನಾಲ್ಕನೇ ಸಲ ಪೊರೆ ಬಿಟ್ಟು, ನೀವೆಲ್ಲ ಹೇಳುವಂತೆ ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಗಬಗಬನೆ ಮೇಯುತ್ತಿದ್ದ ದಿನವೇ ಗೌರಿಬಿದನೂರಿನಲ್ಲಿ ನಿನ್ನ ಮಗಳ ಮಗುವಿನ ನಾಮಕರಣ. "ಮಧ್ಯಾಹ್ನ ಕಿಟಕಿ ತೆಗ್ದು ಗೋಣಿತಾಟಿಗೆ ನೀರು ಯಾರು ಹಾಕ್ತಾರೆ?" ಎಂದು ನೀನು ಹೊರಡಲೇ ಒಲ್ಲೆ. "ಬಿಸಿ ಏರಿದ್ರೆ ಫೋನಲ್ಲಿ ಗೊತ್ತಾಗ್ತದೆ. ಪಕ್ಕದ ಮನೆಯೋರಿಗೆ ಹೇಳ್ತೀನಿ, ಹೋಗು" ಎಂದು ಸೊಸೆ ಲಕ್ಷ್ಮಿಯ ಜೊತೆ ನಿನ್ನನ್ನು ಬಸ್ಸು ಹತ್ತಿಸಿದವಳು ನಾನೇ. ಕಾಲೇಜಿನಿಂದ ನಾಲ್ಕು ಸಲ ಫೋನು ನೋಡಿದೆ. ನಾಲ್ಕು ಸಲವೂ ಒಂದೇ ಅಂಕಿ, ಇಪ್ಪತ್ತಾರು ಡಿಗ್ರಿ. ಸಂಜೆ ನೀನು ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಹೊಡೆಯಿತು. ಹುಳುಗಳು ಸೊಪ್ಪು ಮುಟ್ಟದೆ ಬಿದ್ದಿದ್ದವು. ಸತ್ತವನ್ನು ನೀನೂ ಲಕ್ಷ್ಮಿಯೂ ಮೂರು ದಿನ ಮಂಕರಿಯಲ್ಲಿ ಹೊತ್ತು ಗುಂಡಿಗೆ ಸುರಿದಿರಿ.

ಆ ಸಂಜೆಯೇ ನಾನು ಪೆಟ್ಟಿಗೆಯ ದಾಖಲೆ ನೋಡಿದ್ದೆ, ದೊಡ್ಡಮ್ಮ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರುತ್ತದೆ. ಬೆಳಿಗ್ಗೆ ನೀನು ಹಸಿ ಸೊಪ್ಪು ಹೇರಿದ ಮೇಲೆ ಸಂಖ್ಯೆಗಳು ನಡುನಡುವೆ ತಪ್ಪುತ್ತಾ ಬಂದು, ಹನ್ನೊಂದರ ಹೊತ್ತಿಗೆ ನಿಂತೇ ಹೋಗಿದ್ದವು. ಹಸಿ ಸೊಪ್ಪು ರೇಡಿಯೊ ಅಲೆಯನ್ನು ನುಂಗುತ್ತದೆಂದು ತರಗತಿಯಲ್ಲಿ ಹೇಳುವವಳೇ ನಾನು. ಫೋನು ಮಾತ್ರ ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತಾ ಕೂತಿತ್ತು. "ಏನಾಯ್ತಮ್ಮ?" ಎಂದು ನೀನು ಕೇಳಿದಾಗ ಇದಿಷ್ಟನ್ನೂ ಹೇಳಬಹುದಿತ್ತು. ನಾನು ಹೇಳಿದ್ದು, "ಸೊಪ್ಪಲ್ಲೇ ಏನೋ ಇತ್ತೇನೋ…"

ನೀನು ನಂಬಿಬಿಟ್ಟೆ. "ಹೌದು ಕಣಮ್ಮ, ಹೊರಡೋ ಆತುರದಲ್ಲಿ ಎಳೇದು ಬಲ್ತಿದ್ದು ನೋಡ್ದೆ ಕುಯ್ದೆ. ನಂದೇ ತಪ್ಪು." ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಲಕ್ಷ್ಮಿಯ ಕೈ ಹಿಡಿದು, "ಸೊಪ್ಪು ನೋಡಿ ಹಾಕು, ನನ್ನಂಗೆ ಮಾಡ್ಬೇಡ" ಅಂದೆಯಲ್ಲ, ನಾನು ಅಲ್ಲೇ ಕಿತ್ತಳೆ ಸುಲಿಯುತ್ತಾ ನಿಂತಿದ್ದೆ. ಆಗಲಾದರೂ… ಎಂಥ ಹೇಡಿ ನಾನು.

ಈಗ ಹುಳು, ಸೊಪ್ಪು ಎರಡೂ ತುಂಬಿದ ಮನೆಯಲ್ಲೇ ಅಳೆಯುತ್ತೇನೆ. ಸಂದೇಶ ತಪ್ಪಿದರೆ ಫೋನು ಕೂಗುತ್ತದೆ. ಕಳೆದ ವಾರ ನಾನು ಅಲ್ಲಿದ್ದಾಗಲೇ ಅದು ಕೂಗಿತು, ಲಕ್ಷ್ಮಿ ಓಡಿ ಕಿಟಕಿ ತೆರೆದಳು. ಆಮೇಲೆ ಅಲ್ಲೇ ಕೂತು ಅವಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ಅತ್ತೆಗೆ ಹೇಳ್ಬೇಕಿತ್ತು ಅಕ್ಕ" ಅಂದಳು, ಅಷ್ಟೇ.

ಹೇಳುತ್ತಿದ್ದೇನೆ ದೊಡ್ಡಮ್ಮ. ಅವತ್ತು ನೀನು ಹಾಕಿದ ಸೊಪ್ಪು ಚೆನ್ನಾಗಿತ್ತು.