ಮೂವತ್ತನಾಲ್ಕು ಪ್ರಶ್ನೆಗಳು

ಅಮ್ಮತ್ತಿ
12 ಮಾರ್ಚ್ 2026

ಪ್ರೀತಿಯ ಪೂಜಿತಾ,

ಕಳೆದ ಭಾನುವಾರದ ಮಾದರಿ ಪರೀಕ್ಷೆಯಲ್ಲಿ ನೀನು ನೂರ ಎಂಬತ್ತೂ ಪ್ರಶ್ನೆಗೆ ಗುರುತು ಹಾಕಿದ್ದೀಯ. ಕೊನೆಗೆ ಊಹಿಸಿ ತುಂಬಿದವುಗಳಲ್ಲಿ ಇಪ್ಪತ್ತೇಳು ತಪ್ಪು. ಇದನ್ನು ಮೊನ್ನೆ ಫೋನಿನಲ್ಲಿ ತಿಳಿಸಿದವರು ನಿಮ್ಮ ಕೋಚಿಂಗಿನ ಶಶಿಧರ ಮೇಷ್ಟ್ರು. ನೀನು ಆರೋಗ್ಯವಾಗಿದ್ದೀಯ ಎಂದೂ ಹೇಳಿದರು. ಹಾಸ್ಟೆಲಿನಲ್ಲಿ ಫೋನ್ ಕೊಡುವುದಿಲ್ಲ ಎಂದು ಗೊತ್ತಿದ್ದೂ ಐದು ವಾರ ಕಾಗದ ಹಾಕಲಿಲ್ಲ, ಕ್ಷಮಿಸು. ಮೆಣಸಿನ ಕೊಯ್ಲು ಎಂದು ಅಮ್ಮನಿಗೆ ನೆಪ ಹೇಳಿದ್ದೆ.

"ತಪ್ಪಿಗೆ ಒಂದು ಮಾರ್ಕ್ಸ್ ಹೋಗುತ್ತೆ ಅಂತ ನೂರು ಸಲ ಹೇಳಿದೀನಿ ದೇರಪ್ಪನವರೇ. ಗೊತ್ತಿಲ್ಲದ್ದು ಬಿಡಮ್ಮ ಅಂದ್ರೆ ತಲೆ ಆಡಿಸ್ತಾಳೆ, ಕೊನೇ ಐದು ನಿಮಿಷದಲ್ಲಿ ಎಲ್ಲಾ ತುಂಬ್ತಾಳೆ. ಯಾರು ಕಲಿಸಿದ್ರು ಇದನ್ನ?" ಎಂದು ಮೇಷ್ಟ್ರು ಕೇಳಿದರು. ಗೊತ್ತಿಲ್ಲ ಎಂದೆ. ಹೀಗೇ ಆದರೆ ಮೇ ತಿಂಗಳ ನೀಟ್‌ನಲ್ಲೂ ಸರ್ಕಾರಿ ಸೀಟು ತಪ್ಪುತ್ತದೆ ಎಂದರು. ಈ ಸಲ ಆಗದಿದ್ದರೆ ಮತ್ತೆ ಬರೆಯುವುದಿಲ್ಲ ಎಂದು ನೀನು ಅಮ್ಮನಿಗೆ ಹೇಳಿದ್ದೀಯಂತೆ.

ಇಲ್ಲಿ ರೊಬಸ್ಟಾ ಕಾಫಿಗೆ ನೀರು ಹಾಯಿಸಿ ಮುಗಿದು ಹೂ ಬಂದಿದೆ. ಕಣದಲ್ಲಿ ಮೆಣಸು ಹರಡುವ ಲಿಂಗಿ ದಿನಾ ಕೇಳುತ್ತಾಳೆ: "ರೈಟ್ರೇ, ಡಾಕ್ಟ್ರಮ್ಮ ಯಾವಾಗ ಬರ್ತದೆ? ನನ್ ಮಂಡಿ ಅಲ್ಲೀ ತನ್ಕ ಕಾಯಾಕಿಲ್ಲ." ಅಮ್ಮನದು ಬೇರೆ ಮಾತು: "ಲೈನ್ ಮನೆ ಆಳ್‌ಗಳ ಹೆಸ್ರ್ ಬರಿಯಕೆ ಗೊತ್ತುಟ್ಟು, ಮಗ್ಳಿಗೆ ಎರಡ್ ಸಾಲ್ ಬರಿಯಕೆ ಗೊತ್ತಿಲ್ಲೆನಾ?"

ಫೆಬ್ರವರಿ ಮೊದಲ ವಾರ ನಿನ್ನ ತಮ್ಮ ಪ್ರಜ್ಞೇಶ್, ಹೋದ ವರ್ಷದ ನಿನ್ನ ಪ್ರಶ್ನೆಪತ್ರಿಕೆಯನ್ನು ಉತ್ತರ ಹಾಳೆಯ ಪ್ರತಿಯ ಜತೆ ತಾಳೆ ನೋಡಿದ. ಮೂವತ್ತನಾಲ್ಕು ಪ್ರಶ್ನೆಗಳ ಪಕ್ಕದಲ್ಲಿ ನೀನು ಪೆನ್ನಿನಲ್ಲಿ 'ಬಿಡು' ಎಂದು ಬರೆದುಕೊಂಡಿದ್ದೆ. ಹಾಳೆಯಲ್ಲಿ ಅವಕ್ಕೂ ಗುರುತಿತ್ತು. ಮೂರು ಸರಿ, ಮೂವತ್ತೊಂದು ತಪ್ಪು. ಸರಿಗೆ ನಾಲ್ಕರಂತೆ ಹನ್ನೆರಡು ಬಂದು, ತಪ್ಪಿಗೆ ಮೂವತ್ತೊಂದು ಹೋಗಿ, ಒಟ್ಟು ಹತ್ತೊಂಬತ್ತು ಅಂಕ ಕಡಿತ. ನಿನಗೆ ಸೀಟು ತಪ್ಪಿದ್ದು ಹನ್ನೊಂದು ಅಂಕದಲ್ಲಿ.

ಹೊತ್ತಿಗೆ ಸರಿಯಾಗಿ ಮಲಗು. ನಿನ್ನ ಓದು ನಿನ್ನ ಕೈ ಹಿಡಿಯಲಿ.

ನಿನ್ನ ಅಪ್ಪ,
ದೇರಪ್ಪ

ತಾ.ಕ.: ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಒಬ್ಬ ಆಳಿನ ಹೆಸರಿನ ಮುಂದಿನ ಚೌಕ ಖಾಲಿ ಬಿಟ್ಟರೆ ಆ ಆಳು ಅವತ್ತು ದುಡಿದದ್ದೇ ಇಲ್ಲವಾಗುತ್ತದೆ. ಇಪ್ಪತ್ತೆರಡು ವರ್ಷದ ರೈಟರ್ ಕೆಲಸದಲ್ಲಿ ನಾನು ಒಂದನ್ನೂ ಖಾಲಿ ಬಿಟ್ಟಿಲ್ಲ. ಅದೇ ಬುದ್ಧಿಯಲ್ಲಿ, ಹೋದ ವರ್ಷ ಪರೀಕ್ಷಾ ಕೇಂದ್ರದ ಗೇಟಿನಲ್ಲಿ, ಒಂದೂ ಖಾಲಿ ಬಿಡುವುದಿಲ್ಲ ಎಂದು ಕಾವೇರಮ್ಮನ ಮೇಲೆ ನಿನ್ನಿಂದ ಆಣೆ ಹಾಕಿಸಿಕೊಂಡವನು ನಾನು. "ಅಪ್ಪಾ, ತಪ್ಪಾದ್ರೆ ಮೈನಸ್ ಉಟ್ಟು" ಎಂದು ನೀನು ಹೇಳಿದ್ದೆ. "ನಂಗೆ ಗೊತ್ತುಟ್ಟು, ಹೋಗ್" ಎಂದಿದ್ದೆ. ಫಲಿತಾಂಶದ ದಿನ ನೆಂಟರ ಮುಂದೆ ನಿನ್ನನ್ನು ಬೇಜವಾಬ್ದಾರಿ ಎಂದು ಬಯ್ದೆ. ನೀನು ನನ್ನ ಹೆಸರು ಎತ್ತಲಿಲ್ಲ. ಇವತ್ತಿಗೂ ಆ ಆಣೆ ಮುರಿದಿಲ್ಲ. ಅಮ್ಮನಿಗೆ ಈಗಷ್ಟೇ ಎಲ್ಲ ಹೇಳಿದೆ. ನಾಳೆ ಭಾಗಮಂಡಲಕ್ಕೆ ಹೋಗಿ ಕಾವೇರಮ್ಮನಿಗೆ ತಪ್ಪುಕಾಣಿಕೆ ಹಾಕಿ ನಿನ್ನ ಆಣೆ ಬಿಡಿಸುತ್ತೇನೆ. ನಿನ್ನ ಮುಂದಿನ ಪರೀಕ್ಷೆ 22ರ ಭಾನುವಾರ. 21ರ ಶನಿವಾರ ಹನ್ನೊಂದು ಗಂಟೆಗೆ ಮೈಸೂರಿನ ನಿಮ್ಮ ಕೋಚಿಂಗಿಗೆ ಬಂದು, ಅದನ್ನು ಕಲಿಸಿದವನು ನಾನೇ ಎಂದು ಶಶಿಧರ ಮೇಷ್ಟ್ರಿಗೆ ನಿನ್ನೆದುರೇ ಹೇಳುತ್ತೇನೆ.