ಹೊಗೆ ಬರದ ಜಾಗ

ನವೆಂಬರ್ 14, ಜೆಜು ದ್ವೀಪ, ಕೊರಿಯಾ

ಬಲಗೈ ಮಣಿಕಟ್ಟು ಮುರಿದಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಎತ್ತಿದ್ದು ಒಂದು ಕಿಮ್ಚಿ ಜಾಡಿ, ಅಷ್ಟೇ.

ಡಾಕ್ಟರು ಕೈಯ ವಿಷಯ ಬಿಟ್ಟು ಮನಸ್ಸಿನ ಮಾತು ತೆಗೆದರು. "ಅಜ್ಜಿ, ಬೇಜಾರು ಹಿಡಿದ್ರೆ ಊಟ ಸೇರಲ್ಲ, ಬಿಸಿಲಿಗೆ ಹೋಗಲ್ಲ. ಮೂಳೆನೂ ಸೊರಗುತ್ತೆ."

"ಚೆನ್ನಾಗಿದೀನಪ್ಪಾ" ಎಂದು ನಕ್ಕುಬಿಟ್ಟೆ. ತಂಗಿ ಇನ್ಸೆಂಗ್ ತೀರಿಕೊಂಡ ಮೇಲೆ ಕಡಲಿಗಿಳಿದು ಚಿಪ್ಪು ಕಿತ್ತಿಲ್ಲ, ಯಾರ ಮುಖವನ್ನೂ ನೋಡಿಲ್ಲ.

ಸಂಜೆ, ನನ್ನ ಜೊತೆ ಕಡಲಲ್ಲಿ ಮುಳುಗುವ ದೋಕ್ಸುನ್ ಗಂಜಿ ತಂದಳು.

"ಅಕ್ಕಾ, ಕಡಲಿಂದೆದ್ದು ಚಳಿ ಕಾಯಿಸ್ಕೊಳ್ಳೋವಾಗ ಹೊಗೆ ಬರದ ಜಾಗ ಹಿರಿಯಳಾದ ನಿಂದೇ ತಾನೇ? ಅಲ್ಲಿ ಯಾರೂ ಕೂರ್ತಿಲ್ಲ. ನಾವೆಲ್ಲ ಹೊಗೆ ಕುಡಿದು ಸಾಯ್ತಿದೀವಿ!"

"ಈ ಕೈಲಿ ಮುಳುಗ್ಲಾ?"

"ಬೆಂಕಿಗೆ ಕಟ್ಟಿಗೆ ಹಾಕೋಕೆ ಒಂದು ಕೈ ಸಾಕು ಬಿಡಕ್ಕಾ."

ಅವಳು ಹೋದ ಮೇಲೆ ಮನೆ ಮತ್ತೆ ಬಿಕೋ ಎನ್ನುತ್ತಿದೆ. ಅಷ್ಟೂ ಹೆಂಗಸರು ನನಗಾಗಿ ಕೆಮ್ಮುತ್ತ ಕೂತಿದ್ದಾರೆ. ಡಾಕ್ಟರಿಗೆ ನಿಜ ಹೇಳಬೇಕು. ಅದಕ್ಕೂ ಮೊದಲು ಎಡಗೈಗೆ ಹೊರೆಯಾಗದಷ್ಟು ಕಟ್ಟಿಗೆ ಹಿಡಿದು ನಾಳೆ ಆ ಬೆಂಕಿಯ ಹತ್ತಿರ ಹೋಗಬೇಕು.