ಕುಂದೂರು ಭವನದ ಛಾವಣಿ

ಫೆ. 3, ಮಂಗಳವಾರ. ವನಗೂರು

ಎಸ್ಟೇಟ್ ಸ್ಟೋರಿನ ಅಡಿಪಾಯ ನೋಡುತ್ತಿದ್ದೆ. ಕುಂದೂರು ಸಮುದಾಯ ಭವನದ ಕಾವಲುಗಾರ ವೀರಯ್ಯನ ಫೋನ್. ಪಕ್ಕದ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದಿನ ಶೆಡ್ ಸ್ಫೋಟವಾಗಿದೆ.

"ಗಾಜೆಲ್ಲ ಹೋಗ್ಬುಟ್ವು ಕಣಮ್ಮ. ಜನಕ್ಕೇನೂ ಆಗಿಲ್ಲ, ಎಲ್ಲಾ ಊಟಕ್ಕೆ ಹೋಗಿದ್ರು."

ಪಂಚಾಯ್ತಿಯವರು ನಾಳೆ ಬಂದು ಕಟ್ಟಡ ನೋಡಿ ಅಂದಿದ್ದಾರೆ. ಇಪ್ಪತ್ತೆರಡಕ್ಕೆ ಅಲ್ಲೇ ಆಶಾ ಮದುವೆ — ದೊಡ್ಡಮ್ಮನ ಮಗಳು. ಎಂಜಿನಿಯರ್ ಆಗಿ ಹೋಗಬೇಕೋ, ಅಕ್ಕನಾಗಿಯೋ...

ಫೆ. 4

ಕ್ವಾರಿ ಕಡೆಯ ಇಟ್ಟಿಗೆ ಗೋಡೆ ಒಳಕ್ಕೆ ಉಬ್ಬಿದೆ. ಕಂಬ, ಬೀಮ್ ಗಟ್ಟಿ. ದೊಡ್ಡಮ್ಮ ಗುರುಶಾಂತಮ್ಮ ನನಗಿಂತ ಮೊದಲೇ ಬಂದು ಗಾಜು ಗುಡಿಸುತ್ತಿದ್ದರು.

"ಕಂಬ ಒಂದೂ ಅಲ್ಲಾಡಿಲ್ಲ ನೇತ್ರಾ. ಗಾಜು ಹಾಕ್ಸಿ ಸುಣ್ಣ ಹೊಡ್ಸಿದ್ರೆ ಆಯ್ತದೆ. ನೀನೊಂದು ಸೈನ್ ಹಾಕ್ಬುಡು."

ಛಾವಣಿ ನೋಡಬೇಕು ಅಂದೆ.

"ಬಿದ್ದಿಲ್ವಲ್ಲ?"

ಬಿದ್ದಿಲ್ಲ. ಅದೇ ತೊಂದರೆ. ಛಾವಣಿ ಕಟ್ಟುವುದು ಮೇಲಿನ ಭಾರ ಹೊರಲು. ಅದಕ್ಕೇ ನಡುಭಾಗದ ಕಂಬಿಯೆಲ್ಲ ಅಡಿಯಲ್ಲಿ; ಮೇಲ್ಮೈಯಲ್ಲಿ ಇಲ್ಲ. ಸ್ಫೋಟದ ಒತ್ತಡ ಕಿಟಕಿಯಿಂದ ನುಗ್ಗಿದರೆ ಕೆಳಗಿಂದ ಮೇಲಕ್ಕೆ ದೂಡುತ್ತದೆ. ಕ್ಷಣಮಾತ್ರ. ಛಾವಣಿ ಎದ್ದು, ಬಿರಿದು, ಮತ್ತೆ ತನ್ನ ಜಾಗಕ್ಕೇ ಕೂರುತ್ತದೆ — ಏನೂ ಆಗದ ಹಾಗೆ. ಕೆಳಗಿಂದ ಬೀಮಿನ ಅಂಚಿನಲ್ಲಿ ಕೂದಲೆಳೆಯಂಥ ಗೆರೆಯಷ್ಟೇ ಕಂಡಿತು. ಛಾವಣಿಯ ಮೇಲೆ ಬಿಸಿಲು ತಡೆಯುವ ಬಿಲ್ಲೆ ಹಾಸಿದ್ದಾರೆ, ಅಡಿಯಲ್ಲಿ ಬಿರುಕಿದ್ದರೂ ಕಾಣದು.

ಬಿಲ್ಲೆ ಒಡೆಸಿ ನೋಡಬೇಕು ಅಂದೆ. ದೊಡ್ಡಮ್ಮ ಪೊರಕೆ ಗೋಡೆಗೆ ಒರಗಿಸಿ ಹೊರಟುಹೋದರು.

ಫೆ. 6, ಸಂಜೆ

ಬಿಲ್ಲೆ ತೆಗೆಸಿದೆ. ವೇದಿಕೆಯ ಮೇಲಿನ ಅಂಕಣದಲ್ಲಿ, ಅಂದರೆ ಎರಡು ಬೀಮುಗಳ ನಡುವಿನ ಛಾವಣಿಯಲ್ಲಿ, ಬೀಮಿನುದ್ದಕ್ಕೂ ಬಿರುಕು. ವೀರಯ್ಯ ಕೊಡ ನೀರು ಸುರಿದ. ಕೆಳಗೆ ವೇದಿಕೆಗೆ ತೊಟ್ಟಿಕ್ಕಿತು. ಮೇಲಿಂದ ಕೆಳಗಿನವರೆಗೂ ಬಿರಿದಿದೆ. ಕಾಂಕ್ರೀಟಿಗೆ ಹಿಡಿತವಿಲ್ಲ, ಬರೀ ಕಂಬಿಗಳಲ್ಲಿ ನೇತಾಡುತ್ತಿದೆ. ಭವನ ಮುಚ್ಚಿ ಎಂದು ಬರೆದುಕೊಟ್ಟೆ.

ಅಲ್ಲಿಂದ ದೊಡ್ಡಮ್ಮನ ಮನೆಗೆ. ವಿಷಯ ಹೇಳಿದೆ. ದೊಡ್ಡಮ್ಮ ಕೇಳಿದರು—

"ಕಾರ್ಡ್ ಹಂಚಾಗೈತೆ. ಒಂದು ಗಂಟೆ ಹೊತ್ತಿನ ಮುಹೂರ್ತ. ಅಷ್ಟೂ ತಡ್ಯಲ್ವಾ ಅದು?"

"ತಡೀಬಹುದು."

"ಮತ್ತೆ?"

"ಬೀಳಲೂಬಹುದು ದೊಡ್ಡಮ್ಮ. ಅದರ ಕೆಳಗೆ ನಾನಂತೂ ಕೂರಲ್ಲ."

ಕಾಫಿ ತಂದ ಆಶಾ ಲೋಟ ಇಟ್ಟು, "ನಾನೂ ಕೂರಲ್ಲ. ಅಂಗಳದಲ್ಲೇ ಚಪ್ಪರ ಹಾಕ್ಸಮ್ಮ," ಅಂದಳು.

ದೊಡ್ಡಮ್ಮ ಎದ್ದು ಒಳಗೆ ಹೋದರು.

ಫೆ. 23

ನಿನ್ನೆ ಮದುವೆ ಆಯಿತು, ಚಪ್ಪರದಲ್ಲಿ. ಜಾಗ ಸಾಲಲಿಲ್ಲ. ಗಂಡಿನ ಕಡೆಯವರು ಬಿಸಿಲಿಗೆ ಗೊಣಗಿದರು. ದೊಡ್ಡಮ್ಮ ಬಡಿಸುತ್ತಾ ಬಂದು ನನ್ನ ಎಲೆ ದಾಟಿ ಮುಂದೆ ಹೋದರು. ಮರೆತದ್ದಲ್ಲ.

ಮಾ. 9, ಸೋಮವಾರ

ಇವತ್ತು ಆ ಅಂಕಣ ಇಳಿಸುವ ಕೆಲಸ. ಕೆಳಗೆ ಯಾರೂ ಹೋಗದಂತೆ ಹಗ್ಗ ಕಟ್ಟಿಸಿದ್ದೆ. ಕೆಲಸದವರು ಪಕ್ಕದ ಅಂಕಣದ ಮೇಲೆ ನಿಂತು ಮೂಲೆಯಲ್ಲಿ ಡ್ರಿಲ್ಲಿಂಗ್ ಮಷೀನು ಇಟ್ಟರು, ಅಷ್ಟೇ. ಇಡೀ ತುಂಡು ಒಮ್ಮೆಲೇ ಕುಸಿದು ವೇದಿಕೆ ಪುಡಿಯಾಯಿತು. ಧೂಳು ಇಳಿದ ಮೇಲೆ ನೋಡಿದೆ: ಹಗ್ಗದಾಚೆ ದೊಡ್ಡಮ್ಮ ನಿಂತಿದ್ದರು. ಯಾವಾಗ ಬಂದರೋ. ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಇದ್ದರು.

"ಅವತ್ತು ನಾನು ಅತ್ತು ಕರ್ದು ಕೇಳಿದ್ರೆ ಸೈನ್ ಹಾಕ್ಬುಡ್ತಿದ್ಯಾ ನೇತ್ರಾ?"

ಇಲ್ಲ ಅಂದೆ. ನನ್ನ ಭುಜ ಹಿಡಿದುಕೊಂಡರು.

ಇಲ್ಲ ಅಂದದ್ದೇನೋ ಸರಿ. ಆದರೆ ಬಿರುಕು ಇನ್ನಷ್ಟು ಸಣ್ಣದಿದ್ದಿದ್ದರೆ, ನಾನು ಛಾವಣಿ ನೋಡಿದ ಮಾರನೇ ದಿನವೇ ಮದುವೆ ಇದ್ದಿದ್ದರೆ, ದೊಡ್ಡಮ್ಮ ನಿಜಕ್ಕೂ ಅತ್ತಿದ್ದರೆ...